ಹನ್ನೆರಡು ಪಾಯಿಂಟ್ ಒಂದು

ರಾತ್ರಿ ಎರಡಕ್ಕೆ ಅದು ಮತ್ತೆ ಗೊಣಗತೊಡಗಿತು,
ಗಾಡಿಯ ಹಿಂಬದಿಯಲ್ಲಿ,
ಹಾಲು, ಸಾಸೇಜು, ನಿನ್ನೆ ಹಿಡಿದ ಎರಡು ಮೀನು,
ಅರ್ಧ ನಿಂಬೆ, ಅಕ್ಕನ ಕಣ್ಣಿಗೆ ಬಿಡುವ ಔಷಧಿ,
ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡ ಪೆಟ್ಟಿಗೆ.
ಮಲಗಿದಲ್ಲಿಂದಲೇ ಎಣಿಸುತ್ತೇನೆ:
ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಸುಮ್ಮನಿತ್ತು.
ಕೂಸಿನ ಉಸಿರಿಗೆ ಕಿವಿಗೊಟ್ಟ ಬಾಣಂತಿಯ ಹಾಗೆ
ಅಂದರೆ ಅಕ್ಕ ನಗುತ್ತಾಳೆ;
ನಮ್ಮಿಬ್ಬರಿಗೂ ಮಕ್ಕಳಿಲ್ಲ.

ಕೂಪರ್ ತೊರೆಯ ದಡ. ತೊರೆ ಎಂಬುದು ಹೆಸರಿಗೆ;
ಒಂದು ಗುಂಡಿ ಕಂದು ನೀರು, ಸುತ್ತ ಕೆಮ್ಮಣ್ಣು,
ಕಣ್ಣು ಸೋಲುವವರೆಗೆ ಆಸ್ಟ್ರೇಲಿಯಾ.
ಟಾರ್ಚು ಹಿಡಿದು ಹೋಗಿ ನೋಡಿದೆ.
ಕೆಂಪು ಅಂಕಿ: ಹನ್ನೆರಡು ಪಾಯಿಂಟ್ ಒಂದು.
ನಿನ್ನೆ ಇದೇ ಹೊತ್ತಿಗೆ ಪಾಯಿಂಟ್ ನಾಲ್ಕಿತ್ತು.

ಬ್ಯಾಟರಿ ಎರಡು.
ಮುಂದಿನದು ಊರಿಗೆ ಮರಳಲು,
ಹಿಂದಿನದು ಇಲ್ಲಿ ಇರಲು.
ನಡುವೆ ಅಂಗೈಯಗಲದ ರಿಲೇ, ಜಿಪುಣ ಯಜಮಾನಿ:
ಇಂಜಿನ್ ತಿರುಗುವಾಗ ಉಗ್ರಾಣದ ಬಾಗಿಲು ತೆರೆಯುತ್ತಾಳೆ,
ನಿಂತೊಡನೆ ಚಿಲಕ.
ಹಿಂದಿನದು ಹಸಿದು ಸತ್ತರೂ
ಮುಂದಿನದರಿಂದ ಒಂದು ಚಮಚ ಸಾಲವಿಲ್ಲ.
ಇಂಜಿನ್ ಓಡಿಸಬಹುದು. ಡೀಸೆಲ್ಲು ಅಳೆದು ತಂದದ್ದು.

ಇದನ್ನೆಲ್ಲ ಜೋಡಿಸಿದವನು ಕ್ಲೈವ್,
ಒಂಬತ್ತು ವರ್ಷದ ಹಿಂದೆ ನನಗೆ ಭಾವ.
ತಂತಿತಂತಿಗೂ ಬಿಳಿ ಟೇಪು, ಟೇಪಿನ ಮೇಲೆ ಗುಂಡನೆಯ ಅಕ್ಷರ:
ಸೋಲಾರ್. ಫ್ರಿಜ್. ದೀಪ.
ಒಂದರ ಮೇಲೆ ಮಾತ್ರ: ಮುಟ್ಟಬೇಡ, ನೋಲೀನ್.
ಮನೆ ಪಾಲಾದಾಗ ಅಕ್ಕ ಕೇಳಿ ತಗೊಂಡದ್ದು ಈ ಗಾಡಿಯೊಂದೇ.
ಪಿಯಾನೋ ಅವನಿಗೆ. ನಾಯಿಯೂ ಅವನಿಗೆ.
ಆ ಟೇಪನ್ನು ಅವಳು ಇವತ್ತಿನವರೆಗೆ ಕಿತ್ತಿಲ್ಲ,
ಆ ತಂತಿಯನ್ನು ಮುಟ್ಟಿಯೂ ಇಲ್ಲ.

ಬೆಳಿಗ್ಗೆ ಚಾವಣಿ ಹತ್ತಿ ಪ್ಯಾನೆಲ್ಲು ಒರೆಸಿದೆ,
ಎರಡು ಬಟ್ಟೆ ಕೆಂಪಗಾದವು.
ಹತ್ತಾಯಿತು. ಹನ್ನೊಂದಾಯಿತು.
ಆಕಾಶದಲ್ಲಿ ಹತ್ತಿಯೆಳೆಯಷ್ಟೂ ಮೋಡವಿಲ್ಲ,
ಬಿಳಿ ಗಿಳಿಗಳು ಕಿರುಚುವುದಕ್ಕೂ ಬೇಸತ್ತು ಕೂತಿವೆ,
ಇಷ್ಟು ಬಿಸಿಲಿದ್ದೂ ಅಂಕಿ ಜಗ್ಗದು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ನಮ್ಮ ಹಾಸಿಗೆಯನ್ನು ಯಾರೋ ಕಾಲ ಕಡೆಯಿಂದ ಸುತ್ತುತ್ತಿದ್ದರು.

ಮೀನು ಈಗಲೇ ಹುರಿದುಬಿಡೋಣ, ಅಂದೆ.
ಅಕ್ಕ ಮಾತಾಡದೆ ಸ್ಯಾಟಲೈಟ್ ಫೋನಿನ ಕಡ್ಡಿ ಎಳೆದಳು,
ನೀರಿನ ಅಂಚಿನವರೆಗೆ ನಡೆದು ನನಗೆ ಬೆನ್ನು ಮಾಡಿ ನಿಂತಳು.
ಕೇಳಿಸಿದ್ದು ಒಂದೇ ಕಡೆ:
ಹನ್ನೆರಡು ಪಾಯಿಂಟ್ ಒಂದು.
ಇಲ್ಲ, ಒರೆಸಿದೀವಿ.
ಇಲ್ಲ, ಮುಟ್ಟಿಲ್ಲ.
ಯಾವಾಗ?
ಆಮೇಲೆ ಬಹಳ ಹೊತ್ತು ಏನೂ ಇಲ್ಲ,
ನಿಮಿಷಕ್ಕಿಷ್ಟು ಅಂತ ದುಡ್ಡು ತಿನ್ನುವ ಮೌನ.
ಕೊನೆಗೆ: ಮರದ ಕೆಳಗೆ.
ಇನ್ನೆಲ್ಲಿ ನಿಲ್ಲಿಸಲಿ, ನಲವತ್ತೆರಡು ಡಿಗ್ರಿ.

ಬಂದು ಹೇಳಿದಳು: ನೆರಳಂತೆ.
ಹೌದು, ಮೂಲೆಯಲ್ಲಿತ್ತು, ಒಂದು ಕೊಂಬೆಯದು,
ನನ್ನ ಮೊಣಕೈಯಷ್ಟು.
ಅಷ್ಟು ಸಾಕಂತೆ, ಇಡೀ ಹಲಗೆ ಮುನಿಸಿಕೊಂಡು ಕೂರಲು.
ನಾವು ಹುಡುಕಿ ಹುಡುಕಿ ಹಿಡಿದ ನೆರಳು!
ತಂಪು ಬೇಕಾದರೆ ಬಿಸಿಲಿಗೆ ಹೋಗಿ ನಿಲ್ಲಬೇಕು,
ಇಷ್ಟು ಹೇಳೋಕೆ ಅವನೇ ಬೇಕಾಯ್ತು, ಅಂದಳು.

ಗಾಡಿಯನ್ನು ಬಯಲಿಗೆ ತಂದು
ಪೆಟ್ಟಿಗೆಯ ಕಡೆಯ ಕಿಟಕಿಗೆ ಒದ್ದೆ ಟವೆಲು ಕಟ್ಟಿ
ನಾವಿಬ್ಬರು ಕೂಲಿಬಾ ಮರದಡಿ ವಾಪಸು ಬಂದೆವು.
ದೂರದಲ್ಲಿ ಅದೊಂದೇ ಸುಡುತ್ತ ನಿಂತಿತ್ತು,
ಒಳಗೆ ನಾಲ್ಕು ಡಿಗ್ರಿ ಬಚ್ಚಿಟ್ಟುಕೊಂಡು.
ಮೂರು ಗಂಟೆಗೆ ಹದಿಮೂರು ದಾಟಿತು.
ನಾನು ಎರಡೆರಡು ಸಲ ಹೋಗಿ ನೋಡಿಬಂದೆ,
ಅಕ್ಕ ಏಳಲಿಲ್ಲ.

ಸಂಜೆ ಕತ್ತು ಹಿಂದಕ್ಕೆ ಚೆಲ್ಲಿ ಔಷಧಿ ಬಿಟ್ಟುಕೊಂಡಳು,
ಕಣ್ಣಿಗೊಂದು ತಣ್ಣನೆಯ ಹನಿ.
ಕೆನ್ನೆಗಿಳಿದದ್ದನ್ನು ಒರೆಸಲಿಲ್ಲ.
ಮೀನಿಗೆ ನಿಂಬೆ ಹಿಂಡುತ್ತಿದ್ದೆ.
ನಾಯಿ ಹೋಯಿತಂತೆ, ಅಂದಳು. ಮಾರ್ಚಿನಲ್ಲಿ.