ಪುಟ್ಟಿ ತುಂಬಿದ ಜಾಗ

ಬಂದರಿನ ಹಮ್ಮಬ್ಬನ ಗುಜರಿಯಿಂದ
ಆಪೆ ರಿಕ್ಷಾದಲ್ಲಿ ಕಾಲು ಮೇಲಾಗಿ ಬಂತು,
ಒಂದು ಕಪಾಟಿನ ಬಾಗಿಲು, ಎರಡು ಸ್ಟೂಲುಗಳ ನಡುವೆ
ಈ ಕೈಕುರ್ಚಿ.
"ಬೀಟೆ" ಅಂದ ಹಮ್ಮಬ್ಬ. ಅವನಿಗೆ ಎಲ್ಲವೂ ಬೀಟೆಯೇ.
ಉಗುರಲ್ಲಿ ಕೆರೆದು ನೋಡಿದೆ: ಹಲಸು.
ಮುನ್ನೂರೈವತ್ತಕ್ಕೆ ಒಪ್ಪಿಸಿದೆ, ಬಾಡಿಗೆ ಅವನದೇ.

ಬೋಳಾರದಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆಯ
ಕಾಂಪೌಂಡಿಗೆ ಒರಗಿದ ಶೆಡ್ಡು ನನ್ನದು.
ಬೋರ್ಡಿನಲ್ಲಿ 'ವಾರಿಜ ಫರ್ನಿಚರ್' ಎಂದುಂಟು,
ಅದರಡಿಯಿಂದ 'ರವಕೆ, ಫಾಲ್, ಪಿಕೊ' ಇನ್ನೂ ಇಣುಕುತ್ತದೆ.
ಹೆಂಗಸರ ಬೆನ್ನು ಅಳೆದ ಟೇಪಿನಲ್ಲೇ
ಈಗ ಕುರ್ಚಿಯ ಬೆನ್ನು ಅಳೆಯುವುದು.
ಕುರ್ಚಿ ಉಸಿರು ಬಿಗಿಹಿಡಿಯುವುದಿಲ್ಲ, ಅದೊಂದು ಸುಖ.

ಬೊಂತೆಲ್ ತಿಂಗಳ ಬಿಸಿಲಿಗೆ ಹಾಕಿ
ಮೊದಲು ತಿಗಣೆ ಓಡಿಸಿದೆ, ಕುದಿನೀರು, ಸೀಮೆಎಣ್ಣೆ.
ರೆಕ್ಸಿನ್ ಕಿತ್ತರೆ ತೆಂಗಿನ ನಾರು,
ನಾರಿನೊಳಗೊಂದು ಕೇರಂ ಕಾಯಿ, ಕಪ್ಪು.
ಇದಿಲ್ಲದೆ ಯಾರು ಎಷ್ಟು ಆಟ ಮುಗಿಸಿದರೋ.
ಮೊಳೆಗಳು ಕಡಲ ಗಾಳಿ ತಿಂದು ತಿಂದು
ಇಕ್ಕುಳಕ್ಕೆ ಪುಡಿಯಾಗಿ ಬಂದವು.

ಎಂಬತ್ತರ ಉಜ್ಜುಕಾಗದ, ಆಮೇಲೆ ನೂರಿಪ್ಪತ್ತರದ್ದು.
ಮೇಲೆ ಕಾಫಿ ಬಣ್ಣ, ಅದರಡಿ ಆಸ್ಪತ್ರೆಯ ಹಸುರು,
ಅದರಡಿ ಮರ ತನ್ನ ಅರಸಿನ ಮೈ ತೋರಿಸಿತು.
ಹಲಸಿಗೆ ಪೇಂಟು ಬಳಿಯುವುದು ಪಾಪ ಎನ್ನುತ್ತಾರೆ
ಪಕ್ಕದ ಮೋನಪ್ಪಾಚಾರಿ.
ಗಿರಾಕಿಗೆ ನೀಲಿ ಬೇಕು, ಪಾಪದಲ್ಲಿ ನನ್ನದು ಅರ್ಧ ಪಾಲು.

ಎಡಗೈಯ ತುದಿಯಲ್ಲಿ ಮಾತ್ರ
ಮರದವರೆಗೆ ಇಳಿದ ಏಳೆಂಟು ಸಣ್ಣ ಗುಳಿ.
ಇಲಿ ಎಂದುಕೊಂಡೆ.
ಪುಟ್ಟಿ ಕಲಸಿ ತುಂಬಿದೆ, ತಿಕ್ಕಿದೆ, ಮತ್ತೆ ತುಂಬಿದೆ
ಹೆಬ್ಬೆರಳು ಜಾರುವವರೆಗೆ.
ನನ್ನ ಹೆಮ್ಮೆ ಇರುವುದೇ ಅಲ್ಲಿ:
ಗಾಯ ಎಲ್ಲಿತ್ತೆಂದು ನನಗೇ ಗೊತ್ತಾಗಬಾರದು.

ಮೇಲೆ ಬಂಗುಡೆ ಬೆನ್ನಿನ ನೀಲಿ, ಎರಡು ಕೋಟು.
ಸೀಟಿಗೆ ಹಂಪನಕಟ್ಟೆಯ ಕಟ್‌ಪೀಸ್,
ಸಾಸಿವೆ ಹಳದಿಯ ಮೇಲೆ ಬಿಳಿ ಗೆರೆ;
ಗೆರೆಗೆ ಗೆರೆ ಕೂಡಿಸಿ ಹೊಲಿದೆ, ಮದುಮಗಳ ರವಕೆಯ ಹಾಗೆ.

ಶನಿವಾರ ಒಬ್ಬಳು ಬಂದಳು.
ಸ್ಟೂಲು ನೋಡಿದಳು, ಟೀಪಾಯಿ ನೋಡಿದಳು,
ಬೆಲೆ ಕೇಳದೆ ಈ ಕುರ್ಚಿಯಲ್ಲಿ ಕುಳಿತಳು.
ಕುಳಿತದ್ದೇ ತಡ ಎಡಗೈ ತುದಿಗೆ ಹೋಯಿತು,
ಕಣ್ಣು ಎಲ್ಲೋ ಗೋಡೆಯ ಮೇಲೆ,
ಹೆಬ್ಬೆರಳು ಮಾತ್ರ ಹುಡುಕುತ್ತಿತ್ತು
ಕರೆಂಟು ಹೋದಾಗ ಬೆಂಕಿಪೊಟ್ಟಣ ತಡಕುವ ಹಾಗೆ,
ಒಮ್ಮೆ, ಇನ್ನೊಮ್ಮೆ, ಕೆಳಗಿನಿಂದಲೂ.
ಏನೂ ಇರಲಿಲ್ಲ. ನಾನೇ ಇಲ್ಲ ಮಾಡಿದ್ದೆ.
"ಭಾರೀ ನೀಟಾಗಿದೆ" ಅಂದಳು.
ಅಷ್ಟು ಬೇಸರದಲ್ಲಿ ನನ್ನನ್ನು ಯಾರೂ ಹೊಗಳಿದ್ದಿಲ್ಲ.

ಹೊರಗೆ ಸ್ಕೂಟರಿನ ಮೇಲೆ ಮೀಸೆ ಮೊಳೆಯುವ ಹುಡುಗ,
ತಾಯಿಗಿಂತ ಗೇಣು ಎತ್ತರ,
"ಅಮ್ಮಾ, ಹೊತ್ತಾಯ್ತು" ಎಂದವನು
ಮತ್ತೆ ಹೆಲ್ಮೆಟ್ಟಿನ ಪಟ್ಟಿ ಕಚ್ಚತೊಡಗಿದ.

ಇಲಿಯಲ್ಲ.

ಕುರ್ಚಿ ಗುಜರಿಗೆ ಯಾಕೆ ಹೋಯಿತು, ಯಾರು ಮಾರಿದರು,
ಮನೆ ಎರಡಾಯಿತೋ, ಮನೆಯೇ ಸಣ್ಣದಾಯಿತೋ
ನಾನು ಕೇಳಲಿಲ್ಲ. ಕೇಳಬೇಕಾದ ಬಾಯಲ್ಲಿ
ಗುಂಡುಪಿನ್ನು ಕಚ್ಚಿಕೊಂಡಿದ್ದೆ, ಹಳೆಯ ಟೈಲರ್ ಚಾಳಿ.
ಅವಳು ಒಂದು ಸ್ಟೂಲು ಕೊಂಡು ಹೊರಟಳು.
ಸ್ಟೂಲನ್ನು ಮಡಿಲಲ್ಲಿಟ್ಟು ಹಿಂದೆ ಕುಳಿತವಳು
ತಿರುವಿನವರೆಗೂ ತಿರುಗಿ ನೋಡಲಿಲ್ಲ.

ಆ ರಾತ್ರಿ ಟ್ಯೂಬ್‌ಲೈಟಿನಡಿ
ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು
ಬಂಗುಡೆ ನೀಲಿ ಒಡೆದು, ಪುಟ್ಟಿ ಬಗೆದು
ಒಂದೊಂದೇ ಗುಳಿ ಬಿಡಿಸಿದೆ.
ಏಳೆಂಟಲ್ಲ, ಆರೇ. ಮೇಲೆ ನಾಲ್ಕು, ಕೆಳಗೆ ಎರಡು.
ವರ್ಷ ತುಂಬುತ್ತಿರುವ ಬಾಯಿಯ ಲೆಕ್ಕ.

ಈಗ ಬಂದವರೆಲ್ಲ ಬೆರಳಿಟ್ಟು ತೋರಿಸುತ್ತಾರೆ:
"ಇಲ್ಲಿ ಪೇಂಟು ಹೋಗಿದೆಯಲ್ಲ ಅಕ್ಕಾ, ನೂರು ಕಮ್ಮಿ ಮಾಡಿ."
ಅದರದ್ದೇ ನೂರು ಜಾಸ್ತಿ, ಎನ್ನುತ್ತೇನೆ.
ನಗುತ್ತಾರೆ. ಟೀಪಾಯಿಯ ಕಡೆ ತಿರುಗುತ್ತಾರೆ.

ಶನಿವಾರ ಮಾತ್ರ
ಸ್ವಲ್ಪ ತಡ ಮಾಡಿ ಶಟರ್ ಎಳೆಯುತ್ತೇನೆ.