ಕಾಟಾದ ಕೆಳಗೆ

ಸಂಡೂರಿನಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿ
ಪಂಕ್ಚರ್ ಅಂಗಡಿ ದಾಟಿದ ಮೇಲೆ, ಎಡಕ್ಕೆ,
ನನ್ನ ಕಾಟಾ.
ಹತ್ತೊಂಬತ್ತು ವರ್ಷ,
ನಡುವೆ ಗಣಿ ಬಂದಾದ ದಿನ ಬಿಟ್ಟು,
ಇಲ್ಲೇ ಕೂತು ಗುಡ್ಡವನ್ನು ಲಾರಿ ಲಾರಿಯಾಗಿ ತೂಗಿದ್ದೇನೆ.
ಗಾಡಿ ತೂಕ, ಮಾಲು ತೂಕ, ಪರ್ಮಿಟ್ಟಿನ ನಂಬರು.
ಮಳೆಗಾಲದಲ್ಲಿ ಒದ್ದೆ ಅದಿರು ಸುಳ್ಳು ಹೇಳುತ್ತದೆ,
ಬೇಸಿಗೆಯಲ್ಲಿ ಡ್ರೈವರುಗಳು.

ಹೋದ ಚಳಿಗಾಲ ಕಾಟಾ ಒಂದು ಮೂಲೆಗೆ ಕುಸಿಯಿತು.
ಪಾಯ ಅಗೆಯಲು ಬಂದವರು ಮೊಳದಾಳಕ್ಕೇ ನಿಂತರು.
ಕಲ್ಲೂ ಅಲ್ಲ, ಮಣ್ಣೂ ಅಲ್ಲ,
ಬೆಲ್ಲದ ಪಾಕ ನೆಲಕ್ಕೆ ಚೆಲ್ಲಿ
ಹರಿಯುತ್ತ ಹರಿಯುತ್ತಲೇ ಆರಿದಂಥ ಕಪ್ಪು ಗಟ್ಟಿ,
ಒಳಗೆಲ್ಲ ಗುಳ್ಳೆಯ ತೂತು.
ಉಲ್ಕೆ ಅಂದ ಕಂಟ್ರಾಕ್ಟರು.
ಪಂಕ್ಚರ್ ಅಂಗಡಿಯ ಮೋನಪ್ಪ,
ಅವನ ಮುತ್ತಾತ ಕುಡಗೋಲು ಬಡಿಯುತ್ತಿದ್ದನಂತೆ,
ಒಂದು ತುಂಡು ಎತ್ತಿ, ಮೂಸಿ, ನಾಲಿಗೆ ತಾಗಿಸಿದ.
"ಕಿಟ್ಟ. ಕಬ್ಬಿಣ ಹೆತ್ತ ಮ್ಯಾಲೆ ಬೀಳೋ ಮಾಸು.
ಬಾಣಂತಿಗೆ ರಕ್ತ ಕಮ್ಮಿ ಆದ್ರ
ಇದನ್ನ ಕೆಂಪಗ ಕಾಸಿ ಮಜ್ಜಿಗ್ಯಾಗ ಅದ್ದಿ ಕುಡಸ್ತಿದ್ರು."

ಅಗೆದಷ್ಟೂ ಕಿಟ್ಟ.
ಬೂದಿ, ಇದ್ದಿಲು, ಕಿಟ್ಟ, ಮತ್ತೆ ಬೂದಿ.
ಒಂದು ಪದರ ಒಂದು ಬೇಸಿಗೆಯೋ
ಒಂದು ತಲೆಮಾರೋ, ನನಗೆ ತಿಳಿಯದು.
ಯಾವ ಪರ್ಮಿಟ್ಟಿನಲ್ಲೂ ಇಲ್ಲದ ದಿಬ್ಬದ ಮೇಲೆ
ಇಷ್ಟು ವರ್ಷ ಕುರ್ಚಿ ಹಾಕಿ ಕೂತಿದ್ದೆ.
ಇಲಾಖೆಗೆ ಫೋನು ಮಾಡಿದೆ.
ಫೋಟೋ ಕಳಿಸಿ ಅಂದರು. ಕಳಿಸಿದೆ.

ಸಂಜೆ ಒಂದು ಮಣ್ಣಿನ ಕೊಳವೆ ಸಿಕ್ಕಿತು, ಗೇಣುದ್ದ.
ತಿದಿಯ ಉಸಿರು ಕುಲುಮೆಗೆ ಇಳಿಯುತ್ತಿದ್ದ ಗಂಟಲು.
ಒಂದು ತುದಿ ಕರಗಿ ಗಾಜಾಗಿ ಹಸಿರೇರಿದೆ.
ಇನ್ನೊಂದು ತುದಿಯಲ್ಲಿ,
ಹಸಿಮಣ್ಣು ಮೆತ್ತಿ ಒತ್ತಿದ ಕಡೆ,
ಒಂದು ಹೆಬ್ಬೆಟ್ಟು,
ಗೆರೆ ಸಮೇತ, ಸುಳಿ ಸಮೇತ.
ನನ್ನದನ್ನು ಇಟ್ಟು ನೋಡಿದೆ. ಹಿಡಿಸಲಿಲ್ಲ.
ಚಿಕ್ಕ ಬೆರಳು. ಹೆಣ್ಣಿನದು, ಇಲ್ಲವೆ ಹುಡುಗನದು.

ನಮ್ಮವ್ವ ಗಾಳೆಮ್ಮ
ಆ ರೊಕ್ಕದ ವರ್ಷಗಳಲ್ಲಿ ಗುಡ್ಡದ ಬುಡಕ್ಕೆ ಕೂತು
ಸುತ್ತಿಗೆಯಲ್ಲಿ ಅದಿರು ಒಡೆದಳು, ಬುಟ್ಟಿ ಲೆಕ್ಕಕ್ಕೆ.
ಈಗ ರೇಷನ್ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ
ಕೆಂಪು ದೀಪ.
ಒರೆಸಿ ಇಡು, ಒತ್ತಿ ಇಡು, ಎಡಗೈ ಇಡು,
ನಾಳೆ ಬಂದು ಇಡು.
ಕೆಂಪು ದೀಪ.
"ಗೆರಿ ಎಲ್ಲಿ ಉಳದಾವೋ," ಅಂತಾಳೆ ನಗುತ್ತ,
"ಲಾರಿ ಹತ್ತಿ ಹೋದ್ವು. ನೀನೇ ತೂಗಿ ಕಳಿಸಿದ್ಯಲ್ಲ."

ಕಂಟ್ರಾಕ್ಟರು ಕಿಟ್ಟವನ್ನೇ ಜಲ್ಲಿ ಮಾಡಿ
ಕಾಂಕ್ರೀಟಿಗೆ ಕಲಸಿ ಗುಂಡಿ ಮುಚ್ಚಿದ.
ಕಾಟಾ ಈಗ ನೆಟ್ಟಗಿದೆ.
ಸೊನ್ನೆಗೆ ಬರುವ ಮೊದಲು ಅಂಕಿ ಒಂದಿಷ್ಟು ತಡವರಿಸುತ್ತದೆ,
ಮೊದಲೂ ಹಾಗೇ ಇತ್ತೇನೋ,
ನಾನು ನೋಡಿರಲಿಲ್ಲ.

ಕೊಳವೆಯನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ.
ಅವ್ವನಿಗೆ ಹೆಬ್ಬೆಟ್ಟು ತೋರಿಸಿದೆ.
ಅವಳು ಅದನ್ನು ನೋಡಲೇ ಇಲ್ಲ.
ಮುರಿದ ಅಂಚನ್ನು ಉಗುರಿನಿಂದ ಕೆರೆದಳು.
"ಮಣ್ಣಿಗೆ ಭತ್ತದ ಹೊಟ್ಟು ಹಾಕ್ಯಾರ, ಬಿರಿಬಾರದಂತ.
ನಾನೂ ಒಲಿಗೆ ಹಿಂಗೇ ಕಲಸೋದು."

ಗ್ಯಾಸು ಮುಗಿದಿತ್ತು ಅವತ್ತು.
ಹಿತ್ತಲ ಒಲೆಯಲ್ಲಿ ಜಾಲಿ ಕಟ್ಟಿಗೆ ಹೊಗೆಯುತ್ತಿತ್ತು.
ತೋರಣಗಲ್ಲಿನ ಕಡೆ ಆಕಾಶ ದಿನದಂತೆ ಕೆಂಪು.
ನಾನು ಬ್ಯಾಡ ಬ್ಯಾಡ ಅನ್ನುವುದರೊಳಗೆ
ಗಾಜಾದ ತುದಿಯನ್ನು ಕೆಂಡದ ಕಡೆ ತಿರುಗಿಸಿ,
ಆ ಹೆಬ್ಬೆಟ್ಟಿನ ಮೇಲೇ ತನ್ನದನ್ನು ಊರಿ ಹಿಡಿದು
ಅವ್ವ ಊದಿದಳು.

ಮೊದಲು ಮಣ್ಣು ಉದುರಿತು.
ಆಮೇಲೆ ಕಿಡಿ.