ನೂರ ನಲವತ್ತೆರಡು

ಮೆಸ್ತಿಯಾದ ಹಿಮಕಾವಲು ಕಚೇರಿಗೆ
ಈ ವರ್ಷ ಒಂದೇ ಯಂತ್ರಕ್ಕೆ ಹಣ.
ಮೇಜಿನ ಮೇಲೆ ಎರಡು ಕೂತಿವೆ:
ಮಡಚಿದರೆ ಚೀಲಕ್ಕಿಳಿಯುವ ನನ್ನ ಲ್ಯಾಪ್‌ಟಾಪು,
ಕುತೈಸಿಯಿಂದ ಎರವಲು ತಂದ ಕೆಳದರ್ಜೆಯ ಸರ್ವರು,
ಬಾಡಿಗೆ ವ್ಯಾನಿನಲ್ಲಿ ಕುರಿಚರ್ಮ ಹೊದ್ದು ಬಂದದ್ದು.

ಎರಡರ ಎದೆಯಲ್ಲೂ ಚೂರು ಮರಳು,
ಅದೇ ಕುಲುಮೆ, ಅದೇ ಕಂಪನಿಯ ಮುದ್ರೆ.
ಅಕ್ಕತಂಗಿಯರು; ಕೊಟ್ಟ ಮನೆ ಬೇರೆ, ಅಷ್ಟೆ.
ಒಬ್ಬಳದು ತಿರುಗಾಟದವರ ಮನೆ,
ಇನ್ನೊಬ್ಬಳದು ದೀಪ ಆರಿಸದ ಮನೆ.

ಗೆಲಖ್ಸಾನ್ ಅಜ್ಜನ ಮೂವತ್ತೊಂದು ಚಳಿಗಾಲದ ನೋಟ್‌ಬುಕ್ಕು,
ಕೋಲು ಊರಿ ಅಳೆದ ಹಿಮದ ಆಳ, ದಿನಕ್ಕೆರಡು ಸಲ.
ಟೈಪಿಸಲು ನನಗೆ ಎರಡು ಬೇಸಿಗೆ ಹಿಡಿಯಿತು.
ಅಷ್ಟನ್ನೂ ಎರಡಕ್ಕೂ ಬಡಿಸಿ
ಒಂದೇ ಪ್ರಶ್ನೆ ಕೇಳಿದೆ:
ಯಾವ ಇಳಿಜಾರು, ಯಾವಾಗ ಜಾರುತ್ತದೆ?

ರಾತ್ರಿ ಒಂಬತ್ತು. ಲ್ಯಾಪ್‌ಟಾಪು ಚಿಮ್ಮಿತು.
ನಾಲ್ಕೂವರೆ ಗಿಗಾಹರ್ಟ್ಸು!
‘ನೋಡಿದಿರಾ’ ಎಂದೆ, ನನ್ನದೆಂಬ ಜಂಬ ಬೇರೆ.
ಅಜ್ಜ ಚೀಸಿನ ರೊಟ್ಟಿ ಮುರಿಯುತ್ತ,
‘ಏರು ಹತ್ತುವಾಗ ಓಡುವವನ ಜೊತೆ
ನಾನು ಹೊರಡುವುದಿಲ್ಲ, ಮಕ್ವಾಲಾ.’

ನಾಲ್ಕು ನಿಮಿಷ.
ಆಮೇಲೆ ಫ್ಯಾನು ಗೋಳಿಟ್ಟಿತು.
ತೊಂಬತ್ತಾರು ಡಿಗ್ರಿ. ಅಂಗೈಯಗಲದ ಒಡಲಲ್ಲಿ
ಕಾವು ಹೋಗುವುದಾದರೂ ಎಲ್ಲಿಗೆ?
ನಾಲ್ಕೂವರೆ ಮೂರಾಯಿತು, ಮೂರು ಎರಡಾಯಿತು.
ಆರಂಭಶೂರ.
ಸರ್ವರು ಮೂರೂಕಾಲಿನಲ್ಲಿ ಹೊರಟು
ಮೂರೂಕಾಲಿನಲ್ಲೇ ಇತ್ತು. ನಾಲ್ಕೇ ಕೋರು.
ಹೊಗಳೋಣವೆಂದರೆ ಏನೂ ಇಲ್ಲ;
ಬೀಸುಕಲ್ಲಿನ ಸದ್ದು, ಕೇಳುತ್ತ ಕೇಳುತ್ತ
ಕೇಳಿಸದಾಗುವ ಸದ್ದು.

ಬೆಳಗಿನ ಜಾವ ಅದು ಮುಗಿಸಿತು.
ಇದು ಮುಗಿಸಿದ್ದು ಇನ್ನೂ ಐವತ್ತು ನಿಮಿಷಕ್ಕೆ.
ತಡ ದೊಡ್ಡ ಮಾತಲ್ಲ. ಉತ್ತರ ಬೇರೆ ಬಂದಿತ್ತು.
ಶಾಲೆಯ ಹಿಂದಿನ ಇಳಿಜಾರಿಗೆ
ಅದು ‘ಎಚ್ಚರ’ ಎಂದಿತ್ತು,
ಇದು ‘ಚಿಂತೆಯಿಲ್ಲ’.

ಸಾಲಿಗೆ ಸಾಲು ಹಿಡಿದು ನೋಡಿದೆ, ಕಣ್ಣು ಉರಿಯುವ ತನಕ.
ಯಾವುದೋ ಫೆಬ್ರವರಿಯ ಹತ್ತೊಂಬತ್ತು:
ಅಲ್ಲಿ ನೂರ ನಲವತ್ತೆರಡು,
ಇಲ್ಲಿ ಹದಿನಾಲ್ಕು.
ಕೊನೆಯ ಅಂಕಿ ಉದುರಿತೆನ್ನಿಸುತ್ತದೆ. ಅಲ್ಲ.
ಎಂಟು ದೀಪಗಳ ಸಾಲಿನಲ್ಲಿ ತಲೆದೀಪವೊಂದು ಆರಿದೆ,
ನೂರ ಇಪ್ಪತ್ತೆಂಟರದು.
ಆಕಾಶದ ಯಾವ ಕಣ ತಾಗಿತೋ, ಕಾವೋ, ಕರ್ಮವೋ,
ಲ್ಯಾಪ್‌ಟಾಪಿಗೆ ಗೊತ್ತಿಲ್ಲ;
ಗೊತ್ತಿಲ್ಲವೆಂಬುದೂ ಗೊತ್ತಿಲ್ಲ.

ಸರ್ವರಿನ ನೆನಪಿಗೆ ಮಾತುಮಾತಿಗೊಂದು ಮಿಗಿಲು ಸಾಕ್ಷಿ.
ಅದರ ದಾಖಲೆಯಲ್ಲಿ ಒಂದೇ ಸಾಲು:
ಮೂರು ಹತ್ತಕ್ಕೆ ಒಂದು ತಪ್ಪು ಕಂಡಿತು, ತಿದ್ದಿದೆ.
ಬೆನ್ನು ತಟ್ಟು ಎನ್ನಲಿಲ್ಲ.
ತವರಿನಲ್ಲೇ ಒಬ್ಬಳಿಗಿಟ್ಟು
ಇನ್ನೊಬ್ಬಳಿಗೆ ಇಡದ ಒಡವೆ ಅದು.

ಅಜ್ಜನಿಗೆ ದಾಖಲೆ ಬೇಕಾಗಲಿಲ್ಲ.
‘ಹತ್ತೊಂಬತ್ತೇ? ಕೋಲು ಇಲ್ಲಿಗೆ ಬಂದಿತ್ತು’ ಎಂದು
ಹೆಗಲು ಮುಟ್ಟಿಕೊಂಡ.
ನೋಟ್‌ಬುಕ್ಕು ತೆರೆದರೆ ಪೆನ್ಸಿಲಿನಲ್ಲಿ ನೂರ ನಲವತ್ತೆರಡು,
ಕೆಳಗೆ ಇರುವೆ ಅಕ್ಷರದಲ್ಲಿ: ನಾಯಿ ಬರಲಿಲ್ಲ.
ಅದನ್ನು ನಾನು ಟೈಪಿಸಿರಲಿಲ್ಲ.

ಆಗ ಕರೆಂಟು ಹೋಯಿತು, ದಿನವೂ ಹೋಗುವ ಹಾಗೆ.
ತಪ್ಪು ಮಾಡದವಳು ತಟ್ಟನೆ ಸುಮ್ಮನಾದಳು.
ಇವಳು ಮಾತ್ರ ತನ್ನ ಬುತ್ತಿ ತಾನೇ ಕಟ್ಟಿ ತಂದವಳು,
ಮಂದ ಬೆಳಕಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದಳು.
ಬೇರೆ ದಾರಿಯಿರಲಿಲ್ಲ:
ತ್ಬಿಲಿಸಿಗೆ ಬರೆಯುವ ಪತ್ರ,
‘ಸರ್ವರೇ ಆಗಬೇಕು, ಕಾರಣಗಳು ಹೀಗಿವೆ’ ಎಂಬುದನ್ನು
ಅವಳ ಕೈಯಲ್ಲೇ ಬರೆಸಿದೆ.
ಒಂದಕ್ಷರ ತಪ್ಪಿಸದೆ ಬರೆದಳು.
ಬ್ಯಾಟರಿ ಶೇಕಡಾ ಹನ್ನೊಂದು.

ಹೊರಗೆ ಅಜ್ಜ ಕೋಲು ಊರಿ ಕೂಗುತ್ತಿದ್ದ:
‘ತೊಂಬತ್ತೇಳು! ಬರಕೊಂಡೆಯಾ?’
ಬರಕೊಂಡೆ.
ಮೊದಲು ಪೆನ್ಸಿಲಿನಲ್ಲಿ.